ಬದನೆ ಹೂವಿನ ಮುಂದೆ ಕೂತ ವರ್ಷಗಳು

ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ನನ್ನನ್ನು ಕಾಣಲು ಬಂದಿದ್ದರು. ಹೊಲಗದ್ದೆಗಳಲ್ಲಿ ಪರಾಗಸ್ಪರ್ಶ ಮಾಡುವ ಕೀಟಗಳನ್ನು ಉಳಿಸುವುದು ಅವರಿಗೆ ವಹಿಸಿದ ಕೆಲಸ. ನಾನು ನಿವೃತ್ತಿಯಾಗುವವರೆಗೂ ಮಾಡಿದ್ದು ಅದನ್ನೇ. "ಮೇಡಂ, ಮೊದಲು ಏನು ಓದಬೇಕು?" ಎಂದು ಕೇಳಿದರು. ನಾಲ್ಕು ಪುಸ್ತಕಗಳ ಹೆಸರು ಬರೆದುಕೊಟ್ಟು ಕಳಿಸಿದೆ. ಅವರ ಸ್ಕೂಟರ್ ಗೇಟು ದಾಟಿದ ಮೇಲೆ, ಹೇಳಬೇಕಾಗಿದ್ದದ್ದನ್ನು ಹೇಳಲೇ ಇಲ್ಲವಲ್ಲ ಅನ್ನಿಸಿತು. ಈ ಕೆಲಸದ ಬಹುಪಾಲು ಹೊತ್ತು ಕಳೆಯುವುದು ಕುಕ್ಕರಗಾಲಿನಲ್ಲಿ ಕೂತು ಒಂದು ಹೂವನ್ನು ನೋಡುವುದರಲ್ಲಿ. ಹಾಗೆ ಕೂತಾಗ ನಾನು ಕಂಡದ್ದು, ಕಾಣದೆ ಹೋದದ್ದು, ಕಂಡೂ ಸುಮ್ಮನಾದದ್ದು, ಇಷ್ಟನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನನ್ನು ಶಿಕಾರಿಪುರಕ್ಕೆ ಹಾಕಿದರು. ಪರಾಗಸ್ಪರ್ಶ ಕೀಟಗಳ ಸರ್ಕಾರಿ ಯೋಜನೆಗೆ ಎರಡು ಕೋಣೆಯ ಕಚೇರಿ, ಒಂದು ಹಳೆಯ ಜೀಪು. ಶಿಕಾರಿಪುರ ಮತ್ತು ಸೊರಬ ಎರಡೂ ತಾಲ್ಲೂಕು ನಮ್ಮ ಪಾಲಿಗೆ. ನಮ್ಮ ಮುಖ್ಯಸ್ಥರು ಶ್ರೀಕಂಠಯ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮೇಜಿನ ಮೇಲೆ ಒಂದು ಕಾಗದ ಓರೆಯಾಗಿದ್ದರೂ ಸಹಿಸದವರು. ಮೊದಲ ದಿನ ಅವರು ನನಗೆ ಕೊಟ್ಟದ್ದು ಕೀಟ ಹಿಡಿಯುವ ಒಂದು ಬಲೆ, ಹಿಡಿದದ್ದನ್ನು ಕೊಲ್ಲಲು ಔಷಧಿ ಹಾಕಿದ ಅಗಲ ಬಾಯಿಯ ಒಂದು ಸೀಸೆ ಮತ್ತು ಗೆರೆ ಹಾಕಿದ ನೋಟ್‌ಬುಕ್ಕು. "ಸುಮಿತ್ರಾ, ನೋಡಿದ್ದನ್ನೆಲ್ಲ ಬರೀಬೇಡಿ. ಎಣಿಸಿದ್ದನ್ನು ಮಾತ್ರ ಬರೀರಿ" ಅಂದರು.

ಮೊದಲು ಎಣಿಸಲು ಕೂತದ್ದು ಅಂಜನಾಪುರದ ಹತ್ತಿರ, ರುದ್ರಪ್ಪನವರ ಸೂರ್ಯಕಾಂತಿ ಹೊಲದಲ್ಲಿ. ಕೆರೆ ನೀರು ಹರಿಯುವ ಒಳ್ಳೆಯ ಭೂಮಿ. ಬೆಳೆ ಆಳೆತ್ತರ ಬಂದಿತ್ತು. ಆದರೆ ಹಿಂದಿನ ವರ್ಷ ತೆನೆ ಬಡಿದಾಗ ಅರ್ಧಕ್ಕರ್ಧ ಜೊಳ್ಳು ಎಂದು ಅವರು ಕಚೇರಿಗೆ ಬಂದು ಬೀಜದವರನ್ನು ಬೈದು ಹೋಗಿದ್ದರು. ನಾನು ಒಂದು ಹೂವಿನ ಮುಂದೆ ಕೂತು, ಹತ್ತು ನಿಮಿಷದಲ್ಲಿ ಎಷ್ಟು ಜೇನು ಬಂತು, ಯಾವ ಜೇನು ಬಂತು ಎಂದು ಗೆರೆ ಎಳೆಯುತ್ತಿದ್ದೆ. ರುದ್ರಪ್ಪ ಬಂದು ಬೆನ್ನ ಹಿಂದೆ ನಿಂತರು.

"ಏನ್ರೀ ಮೇಡಂ, ಬೆಳಗಿಂದ ಒಂದೇ ಹೂವಿನ ಮುಂದ ಕುಂತೀರಿ?"

"ಎಷ್ಟು ಜೇನು ಬರ್ತವೆ ಅಂತ ಎಣಿಸ್ತಿದೀನಿ."

"ನೊಣ ಎಣಸಾಕ ಸರ್ಕಾರ ಪಗಾರ ಕೊಡ್ತತೇನ್ರೀ?" ಎಂದು ಹೊಟ್ಟೆ ತುಂಬ ನಕ್ಕರು. ನನಗೂ ನಗು ಬಂತು. ಊರಲ್ಲಿ ಅವತ್ತಿನಿಂದ ನಾನು ನೊಣದ ಮೇಡಂ.

ಕೆರೆ ಏರಿಯ ಮೇಲಿದ್ದ ಒಂದು ದೊಡ್ಡ ಆಲದ ಮರದಲ್ಲಿ ಹೆಜ್ಜೇನು ಕಟ್ಟುತ್ತಿತ್ತು. ಸೂರ್ಯಕಾಂತಿ ಅರಳುವ ಹೊತ್ತಿಗೆ ಸರಿಯಾಗಿ ಎಲ್ಲಿಂದಲೋ ಬಂದು, ಕೊಂಬೆಗಳ ಕೆಳಗೆ ಕರಿಯ ಕಂಬಳಿ ಇಳಿಬಿಟ್ಟಂತೆ ಸಾಲಾಗಿ ನೇತಾಡುತ್ತಿದ್ದವು. ಹೊಲದ ತುಂಬ ಅವೇ. ಒಂದು ದಿನ ಬೆಳಗ್ಗೆ ಹತ್ತರ ಸುಮಾರಿಗೆ ನಾನು ಹೋದಾಗ ರುದ್ರಪ್ಪ ಪಂಪು ಬೆನ್ನಿಗೆ ಕಟ್ಟಿಕೊಂಡು ಹುಳದ ಔಷಧಿ ಹೊಡೆಯುತ್ತಿದ್ದರು. ಸಾಲಿನ ನಡುವಿನ ನೆಲದ ಮೇಲೆ ಹೆಜ್ಜೇನುಗಳು ಬಿದ್ದು ಗಿರಗಿರನೆ ತಿರುಗುತ್ತಿದ್ದವು. ಕೆಲವು ತೆವಳುತ್ತ ನನ್ನ ಚಪ್ಪಲಿಯ ಮೇಲೆ ಹತ್ತಿದವು. ಕಚ್ಚಲಿಲ್ಲ. ಕಚ್ಚುವ ಶಕ್ತಿ ಅವಕ್ಕಿರಲಿಲ್ಲ.

"ರುದ್ರಪ್ಪನೋರೆ, ಇದನ್ನ ಸಂಜೆ ಹೊಡೀಬಾರದಾ?" ಅಂದೆ.

"ಸಂಜಿ ಹೊಡದ್ರ ಏನಾಗತೈತಿ? ಹುಳ ಹುಳಾನೇ ಅಲ್ಲೇನ್ರೀ?"

ಮಾತಿನಲ್ಲಿ ಗೆಲ್ಲಲಾರೆ ಎಂದು ಗೊತ್ತಾಯಿತು. ಅವರ ಹೆಂಡತಿ ಬಸವ್ವನವರನ್ನು ಕೇಳಿಕೊಂಡು, ಇನ್ನೂ ಅರಳದ ಕೆಲವು ಹೂಗಳಿಗೆ ಸೊಳ್ಳೆ ಪರದೆಯ ಬಟ್ಟೆಯ ಚೀಲ ಹೊಲಿದು ಕಟ್ಟಿದೆ. ಬಿಸಿಲು, ಗಾಳಿ ಒಳಹೋಗುತ್ತದೆ. ಜೇನು ಮಾತ್ರ ಹೋಗುವುದಿಲ್ಲ. ತೆನೆ ಬಲಿತ ಮೇಲೆ ಚೀಲ ಬಿಚ್ಚಿ, ಒಂದು ಚೀಲದ ತೆನೆ, ಒಂದು ಬಯಲಿನ ತೆನೆ, ಎರಡನ್ನೂ ಬಸವ್ವನವರ ಮೊರದಲ್ಲಿ ಇಟ್ಟೆ. ಅವರು ಚೀಲದ ತೆನೆಯಿಂದ ಒಂದು ಹಿಡಿ ಬೀಜ ಉದುರಿಸಿ ಬೆರಳಿನಲ್ಲಿ ಒತ್ತಿದರು. ಚಪ್ಪಟೆಯಾಯಿತು. ಇನ್ನೊಂದು, ಅದೂ ಚಪ್ಪಟೆ. ಬಯಲಿನ ತೆನೆಯದನ್ನು ಒತ್ತಿದರು, ಗಟ್ಟಿ. ಬಸವ್ವ ಮೊರ ಕೆಳಗಿಟ್ಟು ಗಂಡನನ್ನು ಕೂಗಿದರು.

"ಇಲ್ಲಿ ಬರ್ರಿ ಒಂದೀಟು. ನೀವು ನೀರ್ ಹಾಯಿಸಿದ್ದು, ಗೊಬ್ಬರ ಹಾಕಿದ್ದು ಎರಡಕ್ಕೂ ಒಂದೇ ಐತಿ. ನೊಣ ಬರ್ಲಿಲ್ಲಂದ್ರ ಇದು ಬರೇ ಹೊಟ್ಟು ನೋಡ್ರಿ."

ರುದ್ರಪ್ಪ ತಾವೂ ಒತ್ತಿ ನೋಡಿದರು. ಮುಂದಿನ ಬೆಳೆಗೆ ಹೊತ್ತು ಇಳಿದ ಮೇಲೆ ಔಷಧಿ ಹೊಡೆದರು. ನಾನು ಹೇಳಿದ್ದಕ್ಕಲ್ಲ, ಬಸವ್ವ ಪಂಪನ್ನು ಸಂಜೆಯವರೆಗೆ ಒಳಗಿಟ್ಟು ಬೀಗ ಹಾಕುತ್ತಿದ್ದುದಕ್ಕೆ. ಹುಡುಗಿಯರೇ, ಭಾಷಣಕ್ಕಿಂತ ಸೊಳ್ಳೆ ಪರದೆಯ ಬಟ್ಟೆ ಹೆಚ್ಚು ಕೆಲಸ ಮಾಡುತ್ತದೆ. ಅದನ್ನು ಚೀಲದಲ್ಲಿ ಯಾವಾಗಲೂ ಇಟ್ಟುಕೊಂಡಿರಿ.

ಈ ಸುದ್ದಿ ಹಬ್ಬಿದ್ದೇ ಎಲ್ಲರಿಗೂ ಜೇನು ಪೆಟ್ಟಿಗೆ ಬೇಕಾಯಿತು. ಆಗ ನಮ್ಮ ವಿಧಾನವೂ ಅದೇ ಆಗಿತ್ತು. ಜೇನು ಕಡಿಮೆ ಇದೆಯೇ, ಬೇರೆ ಕಡೆಯಿಂದ ತುಡುವೆ ಎಂಬ ಸಾಕುಜೇನಿನ ಪೆಟ್ಟಿಗೆ ತಂದು ಇಡು. ಪಕ್ಕದ ಜಿಲ್ಲೆಯಿಂದ ಪೆಟ್ಟಿಗೆಗಳು ಬಂದವು. ಹೊರಗಿನಿಂದ ಬಂದದ್ದನ್ನು ಮೂರು ವಾರ ಪ್ರತ್ಯೇಕವಾಗಿಟ್ಟು, ಒಂದೊಂದೇ ಜೇನುತಟ್ಟೆ ಎತ್ತಿ ಮರಿಗಳನ್ನು ನೋಡಿ, ರೋಗವಿಲ್ಲ ಎಂದು ಸಹಿ ಹಾಕಿದ ಮೇಲೆ ಹಂಚಬೇಕು. ಅದು ನನ್ನ ಕೆಲಸ.

ಎರಡನೆಯ ವಾರ ಒಂದು ಪೆಟ್ಟಿಗೆಯಲ್ಲಿ ಎರಡು ಮೂರು ಮರಿಗಳು ಕೋಶದೊಳಗೆ ತಲೆ ಎತ್ತಿಕೊಂಡು ಸತ್ತಿದ್ದವು. ಕಡ್ಡಿಯಲ್ಲಿ ಎತ್ತಿದರೆ ನೀರು ತುಂಬಿದ ಸಣ್ಣ ಚೀಲದಂತೆ ಜೋತುಬಿದ್ದವು. ಚಳಿಗೆ ಸತ್ತಿರಬೇಕು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಹಂಚಿಕೆಯ ಸಮಾರಂಭಕ್ಕೆ ದಿನ ನಿಗದಿಯಾಗಿತ್ತು, ಶ್ರೀಕಂಠಯ್ಯನವರು ದಿನಕ್ಕೆರಡು ಸಲ "ಆಯ್ತಾ?" ಎಂದು ಕೇಳುತ್ತಿದ್ದರು. ಮೂರನೆಯ ವಾರ ಕಾಯದೆ ಸಹಿ ಹಾಕಿದೆ.

ನಾಲ್ಕು ಪೆಟ್ಟಿಗೆಗಳು ಸೊರಬ ತಾಲ್ಲೂಕಿನ, ಆನವಟ್ಟಿಯಿಂದಾಚೆಗಿನ ಒಂದು ಕಾಡಂಚಿನ ಹಳ್ಳಿಗೆ ಹೋದವು. ಗೌರಮ್ಮ ಅಲ್ಲಿಯವರು. ಗಂಡ ತೀರಿಕೊಂಡ ಮೇಲೆ ಗದ್ದೆಯನ್ನು ತಾವೇ ನೋಡಿಕೊಳ್ಳುತ್ತಿದ್ದರು. ಭತ್ತ ಕೊಯ್ದ ಮೇಲೆ ಬಾವಿಯ ನೀರಿನಲ್ಲಿ ಬದನೆ, ಸೌತೆ, ಕುಂಬಳ ಬೆಳೆದು ಆನವಟ್ಟಿ ಸಂತೆಗೆ ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗುವುದು, ಅದೇ ಅವರ ವರ್ಷದ ಆಧಾರ. ಅವರ ಕೊಟ್ಟಿಗೆಯ ಮಣ್ಣಿನ ಗೋಡೆಯಲ್ಲಿ ಒಂದು ಗೂಡು ಇತ್ತು. ಅದರಲ್ಲಿ ತುಡುವೆ ಜೇನು. ಅವರ ಅತ್ತೆ ಮದುವೆಯಾಗಿ ಬಂದಾಗಲೂ ಅದು ಅಲ್ಲೇ ಇತ್ತಂತೆ. ವರ್ಷಕ್ಕೊಮ್ಮೆ ಒಂದು ಬಟ್ಟಲು ತುಪ್ಪ ತೆಗೆದು, ಉಳಿದದ್ದನ್ನು ಅವಕ್ಕೇ ಬಿಡುತ್ತಿದ್ದರು. ಜೇನುತುಪ್ಪಕ್ಕೆ ಅಲ್ಲೆಲ್ಲ ತುಪ್ಪ ಎಂದೇ ಹೇಳುವುದು.

ನಾನು ಪೆಟ್ಟಿಗೆ ಇಳಿಸುವಾಗ ಗೌರಮ್ಮ ದೂರದಲ್ಲೇ ನಿಂತು ಕೇಳಿದರು:

"ಅಮ್ಮಾ, ಇವು ಬ್ಯಾರೆ ಊರಿನ ಹುಳ ಅಲ್ದಾ? ನಮ್ಮ ಗ್ವಾಡೆ ಹುಳಕ್ಕೆ ಹೊಂದ್ಕತವಾ?"

"ಎಲ್ಲಾ ಒಂದೇ ಜಾತಿ ಗೌರಕ್ಕಾ. ಏನೂ ಆಗಲ್ಲ" ಅಂದೆ.

ಎರಡು ತಿಂಗಳಲ್ಲಿ ಎಲ್ಲಾ ಮುಗಿಯಿತು. ಪೆಟ್ಟಿಗೆಗಳ ಬಾಗಿಲಲ್ಲಿ ಸತ್ತ ಮರಿಗಳ ರಾಶಿ. ಕೆಲಸಗಾರ ಹುಳುಗಳು ಅವನ್ನು ಹೊರಗೆಳೆದು ಹಾಕಿ ಹಾಕಿ ಸೋತು, ಉಳಿದವು ಗೂಡು ಬಿಟ್ಟು ಹಾರಿಹೋದವು. ಆಮೇಲೆ ಗೋಡೆಯ ಗೂಡು. ಅದೇ ಹೊತ್ತಿಗೆ ರಾಜ್ಯದ ಬೇರೆ ಬೇರೆ ಕಡೆಯಿಂದಲೂ ಇದೇ ಸುದ್ದಿ ಬರತೊಡಗಿತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿರೋಗ ಊರೂರುಗಳಲ್ಲಿ ತುಡುವೆ ಜೇನಿನ ಗೂಡುಗಳನ್ನು ಬರಿದು ಮಾಡುತ್ತಿತ್ತು. ನಾನು ತಂದ ಪೆಟ್ಟಿಗೆಯಿಂದಲೇ ಆ ಗೋಡೆಗೆ ತಗುಲಿತು ಎಂದು ಇಂದಿಗೂ ಯಾರೂ ಸಾಬೀತು ಮಾಡಲಾರರು. ಆದರೆ ನೀರು ತುಂಬಿದ ಆ ಚೀಲವನ್ನು ಕಡ್ಡಿಯಲ್ಲಿ ಎತ್ತಿ ನೋಡಿದವಳು ನಾನು.

ವರದಿಯಲ್ಲಿ ಅದನ್ನೇ ಬರೆದೆ. ರೋಗದ ಚಿಹ್ನೆ ಕಂಡಿತ್ತು, ಅವಧಿ ಮುಗಿಯುವ ಮೊದಲೇ ಹಂಚಲಾಯಿತು ಎಂದು. ಶ್ರೀಕಂಠಯ್ಯನವರು ಓದಿ, ಕಾಗದವನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿ ಇಟ್ಟರು. "ಇದು ಹೋದರೆ ಯೋಜನೆಯೇ ನಿಲ್ಲುತ್ತೆ. ಹವಾಮಾನದ ಏರುಪೇರು ಅಂತ ಬರೆದು ತನ್ನಿ." ನಾನು ಬರೆದು ತಂದೆ. ಸಹಿಯನ್ನೂ ಹಾಕಿದೆ. ಬೇರೆ ದಾರಿಯಿರಲಿಲ್ಲ ಎಂದು ಹೇಳುವುದಿಲ್ಲ. ಇತ್ತು. ನಾನು ಹಿಡಿಯಲಿಲ್ಲ.

ಮರುದಿನ ಬಸ್ಸಿನಲ್ಲಿ ಗೌರಮ್ಮನವರ ಮನೆಗೆ ಹೋಗಿ ನಡೆದದ್ದನ್ನು ಬಾಯಲ್ಲಿ ಹೇಳಿದೆ. ಕೊಟ್ಟಿಗೆಯ ಮುಂದೆ ಅವರು ಹುಲ್ಲು ಕಟ್ಟುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು.

"ನನ್ನ ತೌರು ಕ್ಯಾಸನೂರು" ಅಂದರು. "ನಾ ಸಣ್ಣೋಳಿರ್ತಾ ಕಾಡಾಗೆ ಮಂಗ ಸಾಯಾಕೆ ಹತ್ತಿದ್ವು. ಆಮ್ಯಾಕೆ ಮನುಷ್ರು. ಯಾರು ತಂದಿದ್ದು, ಎಲ್ಲಿಂದ ಬಂದಿದ್ದು ಅಂತ ಒಬ್ಬರ ಮಕ ಒಬ್ರು ನೋಡಿದ್ದೇ ನೋಡಿದ್ದು. ಗೊತ್ತಾಗೋ ಹೊತ್ತಿಗೆ ನಮ್ಮ ದೊಡ್ಡಪ್ಪ ಇರ್ಲಿಲ್ಲ." ಹುಲ್ಲಿನ ಕಟ್ಟನ್ನು ಬಿಗಿದು ಪಕ್ಕಕ್ಕಿಟ್ಟರು. "ನೀ ಬಂದು ಹೇಳ್ದಿ. ಆತು. ಆದ್ರೆ ನಾ ಕೇಳಿದ್ದಕ್ಕೆ ನೀ ಒಂದ್ ಗಳಿಗೆ ನಿಂತು ಯೋಚ್ನೆ ಮಾಡಿದ್ರೆ ಆಗ್ತಿತ್ತು ತಂಗೀ."

ಅದುವರೆಗೆ ಅವರು ನನ್ನನ್ನು ಅಮ್ಮಾ ಎನ್ನುತ್ತಿದ್ದರು. ತಂಗಿ ಎಂದದ್ದು ಅಂದೇ ಮೊದಲು. ಆ ಗೋಡೆಯ ಗೂಡು, ನಾನು ಆ ಕಡೆ ಇದ್ದಷ್ಟು ಕಾಲ, ಮತ್ತೆ ತುಂಬಲಿಲ್ಲ.

ಮುಂದಿನ ಬೇಸಿಗೆಯ ತರಕಾರಿ ಹೇಗೆ ಕಾಯಿ ಕಟ್ಟೀತು ಎಂಬುದು ನನ್ನನ್ನು ದಿನವೂ ಕೊರೆಯುತ್ತಿತ್ತು. ತುಡುವೆ ಇಲ್ಲ. ಗೌರಮ್ಮನವರ ಬದನೆ, ಕುಂಬಳ ಹೂಬಿಟ್ಟಿವೆ ಎಂದು ತಿಳಿದೊಡನೆ ಒಂದು ಸಣ್ಣ ಬಣ್ಣದ ಕುಂಚ ತೆಗೆದುಕೊಂಡು ಹೊರಟೆ. ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ನಾನೇ ಮುಟ್ಟಿಸುತ್ತೇನೆ, ಎಷ್ಟಾಗುತ್ತದೋ ಅಷ್ಟು. ಹಿಂದಿನ ಸಂಜೆಯೇ ಹೋಗಿ ಅವರ ಮನೆಯಲ್ಲಿ ಉಳಿದು, ಬೆಳಕು ಹರಿಯುವಾಗ ಗದ್ದೆಗೆ ಇಳಿದೆ.

ಕುಂಬಳದ ಹೂಗಳು ಅದಾಗಲೇ ಅರಳಿದ್ದವು. ಮೊದಲ ಹೂವಿನೊಳಗೆ ಬಗ್ಗಿ ನೋಡಿದರೆ ಅಲ್ಲಿ ಯಾರೋ ನನಗಿಂತ ಮುಂಚೆ ಬಂದಿದ್ದರು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ, ಮೈಯೆಲ್ಲ ಹಳದಿ ಪುಡಿ ಮೆತ್ತಿಕೊಂಡ ಒಂದು ಕಪ್ಪು ಹುಳು. ಪಕ್ಕದ ಹೂವಿನಲ್ಲಿ ಮೂರು. ಕುಂಚ ಹಿಡಿದ ಕೈ ಹಾಗೇ ನಿಂತಿತು. ಬಳ್ಳಿಯಡಿ ನೋಡಿದೆ. ಅಡಿಕೆ ಗಾತ್ರದ, ನಿಂಬೆ ಗಾತ್ರದ ಎಳೆಗಾಯಿಗಳು ಅಲ್ಲಲ್ಲಿ ಕೂತಿದ್ದವು.

ಆಮೇಲೆ ಬದನೆಯ ಸಾಲಿಗೆ ಬಂದೆ. ಬಿಸಿಲು ಏರಿತ್ತು. ಒಂದು ದೊಡ್ಡ ಹುಳು ಗಾಳಿಯಲ್ಲಿ ನಿಂತು, ಸರ್ರನೆ ಪಕ್ಕಕ್ಕೆ ಜಾರಿ, ಮತ್ತೆ ನಿಂತು, ನೇರಳೆ ಹೂವೊಂದಕ್ಕೆ ಕೆಳಗಿನಿಂದ ನೇತುಬಿತ್ತು. ಕಪ್ಪು ಹೊಟ್ಟೆಯ ಸುತ್ತ ನವಿಲುಗರಿಯ ನೀಲಿಯ ಪಟ್ಟಿಗಳು. ಹೂವಿನ ನಡುವಿನ ಹಳದಿ ಕೊಳವೆಗಳನ್ನು ತಬ್ಬಿ ಹಿಡಿಯಿತು. ಹಾರುವಾಗಿನ ಸದ್ದು ನಿಂತು, ಅದಕ್ಕಿಂತ ಮೇಲಿನ ಶ್ರುತಿಯಲ್ಲಿ, ಗುಂಯ್ ಎಂದು ಚುಟುಕಾಗಿ ಒಂದು ಸದ್ದು ಬಂತು. ಇಡೀ ಹೂವು ನಡುಗಿತು. ಕೊಳವೆಗಳ ತುದಿಯ ರಂಧ್ರದಿಂದ ಪುಡಿ ಹೊಗೆಯಂತೆ ಹಾರಿ ಅದರ ಎದೆಯ ಮೇಲೆ ಬಿತ್ತು.

ಬದನೆಯ ಹೂವು ಪರಾಗವನ್ನು ಕೊಳವೆಯೊಳಗೆ ಬಚ್ಚಿಟ್ಟುಕೊಳ್ಳುತ್ತದೆ, ಹೀಗೆ ನಡುಗಿಸಬಲ್ಲ ಹುಳುವಿಗೆ ಮಾತ್ರ ಬಿಟ್ಟುಕೊಡುತ್ತದೆ ಎಂದು ಕಾಲೇಜಿನಲ್ಲಿ ಓದಿ ಅಂಕ ತೆಗೆದುಕೊಂಡಿದ್ದೆ. ತುಡುವೆ ಜೇನಿಗೆ ಈ ವಿದ್ಯೆ ಬರುವುದಿಲ್ಲ ಎಂದೂ ಓದಿದ್ದೆ. ಹಾಗಿದ್ದರೆ ನಾನು ಜೀಪಿನಲ್ಲಿ ಹೊತ್ತು ತಂದ ಪೆಟ್ಟಿಗೆಗಳು ಈ ಬದನೆಗೆ ಬೇಕಾಗಿಯೇ ಇರಲಿಲ್ಲ. ಬೇಕಾದವರು ಇಲ್ಲಿ ಮೊದಲಿನಿಂದಲೂ ಇದ್ದರು. ಹಿಂದಿನ ವರ್ಷವೆಲ್ಲ ನಾನು ಇದೇ ಸಾಲಿನ ಪಕ್ಕದಲ್ಲಿ ಓಡಾಡಿದ್ದೆ. ಗದ್ದೆಯಲ್ಲಿ ಕೂತು ಅತ್ತೆ. ದುಃಖಕ್ಕೋ ಸಂತೋಷಕ್ಕೋ ಹೇಳಲಾರೆ. ನನ್ನ ಮುಂದೆ ಹೂಗಳು ಒಂದಾದ ಮೇಲೊಂದು ನಡುಗುತ್ತಿದ್ದವು.

ಗೌರಮ್ಮ ಬುತ್ತಿ ಹಿಡಿದು ಬಂದಾಗ ಕೇಳಿದೆ, "ಗೌರಕ್ಕಾ, ಈ ನೀಲಿ ಪಟ್ಟಿ ಹುಳ ಎಲ್ಲಿರ್ತವೆ, ಗೊತ್ತಾ?"

"ಬದುವಿನ ಹುಳ ಅಲ್ದಾ? ಬಾ" ಎಂದು ಕರೆದುಕೊಂಡು ಹೋದರು.

ಅವರ ಗದ್ದೆಗೂ ಮೈದುನ ಮಂಜಪ್ಪನ ಗದ್ದೆಗೂ ನಡುವೆ ಎದೆಯೆತ್ತರದ ಹಳೆಯ ಬದುವಿತ್ತು. ಮೂಡಲ ಬಿಸಿಲು ಬೀಳುವ ಅದರ ಮೈತುಂಬ ಪೆನ್ಸಿಲ್ ತೂರುವಷ್ಟು ಅಗಲದ ತೂತುಗಳು, ನೂರಾರು. ಪ್ರತಿ ತೂತಿನಲ್ಲೂ ಒಬ್ಬೊಬ್ಬಳೇ ತಾಯಿ. ಇವಕ್ಕೆ ರಾಣಿಯಿಲ್ಲ, ಸೇವಕರಿಲ್ಲ. ತಾನೇ ಕೊರೆದು, ತಾನೇ ಹೂವಿನ ಪುಡಿಯನ್ನೂ ಮಕರಂದವನ್ನೂ ಕಲಸಿ ಮಣ್ಣಿನ ಪುಟ್ಟ ಕುಡಿಕೆಯಲ್ಲಿ ತುಂಬಿ, ಅದರಲ್ಲಿ ಒಂದು ಮೊಟ್ಟೆಯಿಟ್ಟು, ಬಾಯಿ ಮುಚ್ಚಿ ಹೋಗುತ್ತಾಳೆ. ಮರಿಯ ಮುಖ ನೋಡುವಷ್ಟು ಆಯುಸ್ಸು ತಾಯಿಗೆ ಸಾಮಾನ್ಯವಾಗಿ ಇರುವುದಿಲ್ಲ.

"ಬದು ಕಡಿಯೋವಾಗ ಈ ಕಡೆ ಮೈ ಬಿಟ್ಟಿರ್ತೀನಿ" ಅಂದರು ಗೌರಮ್ಮ. "ಬೆಚ್ಚಗೆ ಮನೆ ಮಾಡ್ಕ್ಯಂಡಾವೆ. ಕೆದಕಿ ನಂಗೇನಾಗಬೇಕು?"

ಅಂದು ಸಂಜೆ ಮನೆಗೆ ತಿರುಗುವಾಗ ಅವರೇ ಇನ್ನೊಂದು ತೋರಿಸಿದರು. ಬದುವಿನ ಕೆಳಗೆ ಒಣಗಿದ ಹುಲ್ಲಿನ ಕಡ್ಡಿಯೊಂದರಲ್ಲಿ ಏಳೆಂಟು ಹುಳುಗಳು ಮಣಿ ಪೋಣಿಸಿದಂತೆ ಸಾಲಾಗಿ ಕೂತಿದ್ದವು. ಕೂತದ್ದಲ್ಲ, ಬರೀ ಬಾಯಿಯಿಂದ ಕಡ್ಡಿಯನ್ನು ಕಚ್ಚಿ ಹಿಡಿದು, ಕಾಲು ಮಡಚಿ, ನಿದ್ದೆ ಹೋಗಿದ್ದವು. ಗಂಡು ಹುಳುಗಳು. ಅವಕ್ಕೆ ಮನೆಯಿಲ್ಲ. ಇಳಿಬಿಸಿಲಲ್ಲಿ ನೀಲಿ ಪಟ್ಟಿಗಳು ಹೊಳೆಯುತ್ತಿದ್ದವು. ನನ್ನ ಚೀಲದಲ್ಲಿ ಕೊಲ್ಲುವ ಸೀಸೆಯಿತ್ತು. ಹೆಸರು ಗುರುತಿಸಲು ಒಂದೆರಡನ್ನಾದರೂ ಹಿಡಿಯಬೇಕಿತ್ತು, ನಿಯಮವೇ ಹಾಗೆ. ಗೌರಮ್ಮ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ಸೀಸೆ ತೆಗೆಯಲಿಲ್ಲ. ಬದಲಿಗೆ ಪುಸ್ತಕ ತೆಗೆದು ಚಿತ್ರ ಬರೆದೆ. ಮುಂದೆ ಅಗತ್ಯವಿದ್ದಾಗ ಹಿಡಿದದ್ದುಂಟು, ವಿಜ್ಞಾನಕ್ಕೆ ಅದು ಬೇಕು. ಆದರೆ ಮೊದಲು ಕೂತು ನೋಡಿ, ಬರೆದುಕೊಂಡು, ಇನ್ನು ಬೇರೆ ದಾರಿಯಿಲ್ಲ ಎಂದಾಗ ಮಾತ್ರ.

ಕಚೇರಿಯಲ್ಲಿ ಈ ವಿಷಯ ಹೇಳಿದಾಗ ಶ್ರೀಕಂಠಯ್ಯನವರು ಹುಬ್ಬು ಏರಿಸಿದರು. "ಜೇನು ಸತ್ತ ಊರಿನಲ್ಲಿ ಬದನೆ ಚೆನ್ನಾಗಿದೆ ಅಂತೀರಿ. ನಾನೇ ಬಂದು ನೋಡ್ತೀನಿ." ಬಿಳಿ ಅಂಗಿಯಲ್ಲೇ ಬಂದರು. ಬದನೆಯ ಸಾಲಿನಲ್ಲಿ ಹತ್ತು ನಿಮಿಷ ನಿಂತರು, ಆಮೇಲೆ ಕರವಸ್ತ್ರ ಹಾಸಿ ಕೂತರು. "ಸರ್, ಕಣ್ಣು ಮುಚ್ಚಿಕೊಳ್ಳಿ. ಶ್ರುತಿ ಬದಲಾದಾಗಲೆಲ್ಲ ಒಂದು ಹೂವು ಅಂತ ಲೆಕ್ಕ" ಅಂದೆ. ಅವರು ಕಣ್ಣು ಮುಚ್ಚಿದರು. ಗುಂಯ್. ಬೆರಳು ಮಡಚಿದರು. ಗುಂಯ್. ಇನ್ನೊಂದು ಬೆರಳು. ಬಲಗೈ ಮುಗಿದು ಎಡಗೈಗೆ ಬಂದು, ಅದೂ ಮುಗಿದಾಗ ಬೆರಳು ಮಡಚುವುದನ್ನು ಬಿಟ್ಟು ಸುಮ್ಮನೆ ಕೇಳುತ್ತ ಕೂತರು. ಅಂಗಿಯ ತೋಳಿಗೆ ಮಣ್ಣು ಮೆತ್ತಿದ್ದು ಅವರಿಗೆ ಗೊತ್ತಾಗಲೇ ಇಲ್ಲ.

ವಾಪಸು ಬರುವಾಗ ಜೀಪಿನಲ್ಲಿ, ಶಿಕಾರಿಪುರ ಹತ್ತಿರವಾದಾಗ ಕೇಳಿದರು, "ಆ ಪೆಟ್ಟಿಗೆಗಳ ವರದಿ. ನಿಮ್ಮ ಮೊದಲನೇ ಪ್ರತಿ ಇದೆಯಾ?"

"ಇದೆ ಸರ್."

"ನಾಳೆ ಮೇಜಿನ ಮೇಲಿಡಿ. ನನ್ನ ಟಿಪ್ಪಣಿ ಸೇರಿಸಿ ಕಳಿಸ್ತೀನಿ. ಅವಸರ ಮಾಡಿದ್ದು ನಾನು ಅಂತಲೂ ಅದರಲ್ಲಿ ಬರಬೇಕು."

ಕಳಿಸಿದರು. ಮೇಲಿನಿಂದ ಅವರಿಗೂ ನನಗೂ ವಿವರಣೆ ಕೇಳಿ ನೋಟೀಸು ಬಂತು. ಯೋಜನೆ ನಿಲ್ಲಲಿಲ್ಲ. ಪೆಟ್ಟಿಗೆ ಹಂಚುವುದು ಮಾತ್ರ ನಿಂತಿತು. ಬೇರೆ ಊರಿನಿಂದ ಜೇನು ತರುವ ಮೊದಲು ಇಲ್ಲಿ ಯಾರಿದ್ದಾರೆ ನೋಡಬೇಕು ಎಂಬುದು ನಮ್ಮ ಹೊಸ ವಿಧಾನವಾಯಿತು. ಈಗ ಅದು ಎಲ್ಲರಿಗೂ ಗೊತ್ತಿರುವ ಮಾತು. ನಾವು ಅದನ್ನು ಕಲಿತದ್ದು ಹೀಗೆ.

ಮರುವರ್ಷ ಗೌರಮ್ಮನಿಗೂ ಮಂಜಪ್ಪನಿಗೂ ಪಾಲಾಯಿತು. ಮೋಜಣಿಯವರು ಬಂದು ಸರಪಳಿ ಹಿಡಿದು ಕಲ್ಲು ಹಾಕಿದಾಗ, ಆ ಹಳೆಯ ಬದು ಪೂರ್ತಿಯಾಗಿ ಮಂಜಪ್ಪನ ಹಿಸ್ಸೆಯೊಳಗೆ ಬಂತು. ಅವನು ಕೆಟ್ಟವನಲ್ಲ. ಅವನದು ಅಗಲ ಕಡಿಮೆಯ ಗದ್ದೆ. ಬದು ಕಿತ್ತು ಸಮ ಮಾಡಿದರೆ ಟಿಲ್ಲರ್ ತಿರುಗಲು ಜಾಗವಾಗುತ್ತಿತ್ತು. ನಾನು ಹೋಗಿ ಕೇಳಿಕೊಂಡೆ.

"ಪಹಣಿ ನನ್ನ ಹೆಸರಾಗೈತ್ರೀ ಮೇಡಮ್ಮ. ಹುಳದ ಹೆಸ್ರು ಎಲ್ಲೈತೆ ಅದ್ರಾಗೆ?" ಅಂದ. ಆಮೇಲೆ ಸ್ವಲ್ಪ ಮೆತ್ತಗಾಗಿ, "ಆತು, ಬದ್ನೆ ಮುಗಿಯಾಗಂಟ ಕೀಳಾದಿಲ್ಲ" ಎಂದು ಮಾತು ಕೊಟ್ಟ.

ಆದರೆ ಬಾಡಿಗೆಗೆ ಹೇಳಿದ್ದ ಟ್ರ್ಯಾಕ್ಟರು ಹೇಳಿದ ದಿನಕ್ಕೆ ಬರದೆ, ತಿಂಗಳು ಮುಂಚೆ ಪಕ್ಕದ ಗದ್ದೆಗೆ ಬಂತು. ಮತ್ತೆ ಸಿಗುವುದಿಲ್ಲ ಎಂದು ಅವನು ಒಂದೇ ಮಧ್ಯಾಹ್ನದಲ್ಲಿ ಬದುವಿನ ಮುಕ್ಕಾಲು ಭಾಗವನ್ನು ಕೀಳಿಸಿಬಿಟ್ಟ. ನಾನು ತಲುಪಿದ್ದು ಮಾರನೆಯ ದಿನ.

ಮಣ್ಣಿನ ಹೆಂಟೆಗಳು ಗದ್ದೆಯ ತುಂಬ ಚೆಲ್ಲಿದ್ದವು. ಹೊಲದಿಂದ ತಿರುಗಿ ಬಂದ ತಾಯಿ ಹುಳುಗಳು ಬದುವಿದ್ದ ಜಾಗದಲ್ಲಿ ಬರೀ ಗಾಳಿಯಲ್ಲಿ ನಿಂತು, ಇಲ್ಲದ ಬಾಗಿಲನ್ನು ಹುಡುಕುತ್ತಿದ್ದವು. ಗೌರಮ್ಮ ಬುಟ್ಟಿ ಹಿಡಿದು ಹೆಂಟೆ ಆರಿಸುತ್ತಿದ್ದರು. ಒಡೆದ ಹೆಂಟೆಯೊಂದನ್ನು ನನ್ನ ಕೈಗಿಟ್ಟರು. ಒಳಗೆ ಬೆರಳ ತುದಿಯಷ್ಟು ನುಣುಪಾದ ಕುಡಿಕೆ, ಕುಡಿಕೆಯೊಳಗೆ ಹಳದಿ ಗಂಜಿ, ಅದರ ಮೇಲೆ ಬೆಳ್ಳಗಿನ ಮರಿ.

"ತೊಟ್ಟಿಲು ನೋಡು ತಂಗೀ" ಅಂದರು.

"ಇವು ಉಳಿಯಲ್ಲ ಗೌರಕ್ಕಾ" ಅಂದೆ. ಓದಿದವಳ ಮಾತು. "ಅಲ್ಲಾಡಿಸಿದ ಮೇಲೆ, ಜಾಗ ಬದಲಾದ ಮೇಲೆ, ಕಷ್ಟ."

ಅವರು ಒಡೆಯದ ಹೆಂಟೆಗಳನ್ನು ಮಾತ್ರ ಆರಿಸಿ, ತೂತಿದ್ದ ಮೈ ಯಾವ ಕಡೆ ಇತ್ತೆಂದು ನೋಡಿ, ಹೇಗಿತ್ತೋ ಹಾಗೇ ಬುಟ್ಟಿಯಲ್ಲಿ ಕೂರಿಸುತ್ತಿದ್ದರು. ನಾನೂ ಬಗ್ಗಿದೆ. ಮಂಜಪ್ಪ ಸ್ವಲ್ಪ ದೂರದಲ್ಲಿ ನಿಂತಿದ್ದ. ಮೊದಲ ಬುಟ್ಟಿ ತುಂಬಿದಾಗ ಗೌರಮ್ಮ ಎತ್ತಲು ಹೆಣಗಿದರು. ಅವನು ಬಂದು, "ಬಿಡ್ರಿ ಅತ್ಗೆ" ಎಂದು ಬುಟ್ಟಿಯನ್ನು ತನ್ನ ಹೆಗಲಿಗೇರಿಸಿಕೊಂಡ. ಅಲ್ಲಾಡಬಾರದು ಎಂದು ಯಾರೂ ಹೇಳಿರಲಿಲ್ಲ. ತುಂಬಿದ ಕೊಡ ಹೊತ್ತವನಂತೆ ಮೆಲ್ಲಗೆ ನಡೆದ. ಅಂದು ಎಷ್ಟು ಸಲ ಹೋಗಿಬಂದನೋ. ಕೊಟ್ಟಿಗೆಯ ಹಿಂದೆ, ಮೂಡಲ ಬಿಸಿಲು ಬೀಳುವ ಕಡೆ ಹೆಂಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಲೆ ಹೆಣೆದ ತೆಂಗಿನ ಗರಿಯ ಮಡ್ಲು ಹೊದಿಸಿದೆವು.

ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದೆ. ಒಂದನೆಯ ವಾರ ಇರುವೆ ಹತ್ತಿತ್ತು. ಗೌರಮ್ಮ ಸುತ್ತ ಬೂದಿಯ ಗೆರೆ ಎಳೆದರು. ಮೂರನೆಯ ವಾರ ಒಂದು ಸಂಜೆ ಸಿಡಿಲಿನ ಮಳೆ ಬಿದ್ದು ಕೆಳಗಿನ ಸಾಲು ಕರಗಿತು. ನಾಲ್ಕನೆಯ ವಾರವೂ ಏನಿಲ್ಲ. ಐದನೆಯ ವಾರ, ಹೋಗದಿದ್ದರೂ ನಡೆಯುತ್ತದೆ ಎಂದುಕೊಂಡೇ ಬಸ್ಸು ಹತ್ತಿದೆ.

ನಾನು ಅಂಗಳಕ್ಕೆ ಕಾಲಿಡುವಾಗ ಗೌರಮ್ಮ ಕೊಟ್ಟಿಗೆಯ ಹಿಂದಿನಿಂದ ಕೈಬೀಸಿ ಕರೆದರು. ಒಂದು ಹೆಂಟೆಯ ಮೈಮೇಲೆ ಕಾಸಿನಗಲದಷ್ಟು ಮಣ್ಣು ಒಳಗಿನಿಂದ ಒದ್ದೆಯಾಗಿತ್ತು. ನೋಡುತ್ತಿದ್ದಂತೆ ಅಲ್ಲಿಂದ ಒಂದು ಕಣ ಉದುರಿತು. ಮತ್ತೊಂದು. ತೂತಿನಲ್ಲಿ ಎರಡು ಮೀಸೆ, ಆಮೇಲೆ ಮಂಕು ಬಣ್ಣದ ತಲೆ. ಒಳಗಿನಿಂದ ತಾನೇ ಕಡಿದು, ತಾನೇ ತಳ್ಳಿ, ಪೂರ್ತಿ ಹೊರಬಂದು ಹೆಂಟೆಯ ಮೇಲೆ ಕೂತಿತು. ರೆಕ್ಕೆ ಮುದುರಿತ್ತು, ಮೈಗೆಲ್ಲ ಧೂಳು. ಮುಂಗಾಲಿನಿಂದ ಮುಖ ಒರೆಸಿಕೊಂಡಿತು. ಬಿಸಿಲು ತಾಗುತ್ತ ತಾಗುತ್ತ ರೆಕ್ಕೆ ನೆಟ್ಟಗಾಯಿತು. ಹೊಟ್ಟೆಯ ಮೇಲಿನ ಧೂಳು ಉದುರಿದ ಕಡೆ ನೀಲಿ ಕಂಡಿತು. ಯಾರೂ ಕಲಿಸಿಕೊಡದೆ, ತಾಯಿಯನ್ನು ಕಾಣದೆ, ಹುಟ್ಟಿದ ಮನೆ ಇನ್ನೊಂದು ಕಡೆಗೆ ಸಾಗಿಬಂದದ್ದನ್ನೂ ತಿಳಿಯದೆ, ಅದು ಒಮ್ಮೆ ಗಾಳಿಯಲ್ಲಿ ನಿಂತು ನಮ್ಮ ಮೂವರ ಮುಖವನ್ನೂ ನೋಡಿದಂತೆ ತಿರುಗಿ, ಸರ್ರನೆ ಬದನೆಯ ಕಡೆಗೆ ಹೋಯಿತು.

ಮೂವರು ಎಂದೆ. ಮಂಜಪ್ಪ ಯಾವಾಗ ಬಂದು ನಮ್ಮ ಹಿಂದೆ ನಿಂತಿದ್ದನೋ ತಿಳಿಯದು. ಹೊಸ ಅಂಗಿ ಹಾಕಿದ್ದ, ಕೈಯಲ್ಲಿ ಚೀಲವಿತ್ತು. ಆನವಟ್ಟಿಗೆ ಹೊರಟವನು.

"ಅತ್ಗೆ, ಇಲ್ಲೊಂದು ಒದ್ದೆ ಆಗಾಕ್ಹತ್ತೈತೆ" ಅಂದ ಪಿಸುಮಾತಿನಲ್ಲಿ. "ಇಲ್ಲೂ ಒಂದು."

ಅಷ್ಟರಲ್ಲಿ ಗೌರಮ್ಮನ ಕೋಳಿಗಳು ಕೆದಕುತ್ತ ಹೆಂಟೆಗಳ ಹತ್ತಿರ ಬಂದವು. ಮಂಜಪ್ಪ ಚೀಲ ಕೆಳಗಿಟ್ಟು, ಬೇಲಿಯಿಂದ ಒಂದು ಬರಲುಕಡ್ಡಿ ಮುರಿದುಕೊಂಡು ಅವನ್ನು ಅಟ್ಟಿದ. ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. "ಮಂಜಾ, ಬಸ್ಸು" ಅಂದರು ಗೌರಮ್ಮ. ಅವನು ತಿರುಗಿಯೂ ನೋಡಲಿಲ್ಲ. ಬಿಸಿಲು ನೆತ್ತಿಗೆ ಬರುವವರೆಗೂ, ಹೊಸ ಅಂಗಿಯಲ್ಲಿ, ಬರಲುಕಡ್ಡಿ ಹಿಡಿದು, ಅಲ್ಲೇ ಕಾವಲು ನಿಂತಿದ್ದ.